ತಾಳ ಕೇಳ್ತದಾ?

ಅವರ ಬಲಗಿವಿಯ ಹಿಂದೆ, ಎಲುಬು ಉಬ್ಬಿರುವ ಜಾಗದಲ್ಲಿ, ಎಂಟಾಣೆಯಷ್ಟು ಅಗಲದ ಒಂದು ಕಪ್ಪು ಜಡ್ಡು ಇತ್ತು. ಮೊದಲ ಸಲ ನೋಡಿದಾಗ ಹುಟ್ಟುಮಚ್ಚೆ ಇರಬೇಕು ಎಂದುಕೊಂಡಿದ್ದೆ. ಅದು ಸ್ಕ್ರೂಡ್ರೈವರಿನ ಮರದ ಹಿಡಿ ನಲವತ್ತು ವರ್ಷ ಒತ್ತಿ ಒತ್ತಿ ಆದದ್ದು ಎಂದು ಆಮೇಲೆ ಗೊತ್ತಾಯಿತು. ಹೊನ್ನಾವರ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿ ಅವರ ಕಸುಬು. ಓಡುತ್ತಿರುವ ಇಂಜಿನ್ನಿನ ಮೇಲೆ ಮೊಳದುದ್ದದ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬೋಟಿನವರೆಲ್ಲ ಬಾಯಿ ಮುಚ್ಚಿ ಕಾಯಬೇಕು. ಒಂದೆರಡು ನಿಮಿಷ ಬಿಟ್ಟು ಕಣ್ಣು ತೆರೆದು, "ಮೂರನೇದು ಕೆಮ್ತದೆ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ದೋಷ ಮೂರನೇ ಸಿಲಿಂಡರಿನಲ್ಲೇ ಇರುತ್ತಿತ್ತು.

"ಮೊದ್ಲು ಕೇಳೂದು, ಆಮೇಲೆ ಬಿಚ್ಚೂದು" ಎಂಬುದು ಅವರ ಮಾತು. ಬಂದ ತಕ್ಷಣ ಸ್ಪ್ಯಾನರಿಗೆ ಕೈ ಹಾಕುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಬಂದರಿನವರು ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೆಂಡತಿ ಕೊಟ್ಟ ಆ ಸ್ಕ್ರೂಡ್ರೈವರ್ ಈಗ ನನ್ನ ಮೇಜಿನ ಮೇಲಿದೆ. ಅದನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಒಂಬತ್ತನೇ ತರಗತಿಗೆ ಶಬ್ದದ ಪಾಠ ಮಾಡುತ್ತ ಮಾಡುತ್ತ, ಶಬ್ದದ ಬಗ್ಗೆ ನನಗಿಂತ ತಿಳಿದವರು ಈ ತಾಲೂಕಿನಲ್ಲಿ ಯಾರೂ ಇಲ್ಲ ಎಂಬ ಭ್ರಮೆ ಬೆಳೆಸಿಕೊಂಡಿದ್ದೆ. ಮನೆಯಲ್ಲಿ ಒಳ್ಳೆಯ ಸ್ಟೀರಿಯೋ ಸೆಟ್ಟು ಕಟ್ಟುವ ಹುಚ್ಚು ಬೇರೆ. ಒಮ್ಮೆ ನನ್ನ ಆಂಪ್ಲಿಫೈಯರ್ ಗುಂಯ್ ಎನ್ನತೊಡಗಿತು. ಕುಮಟೆಯಲ್ಲೂ ಆಗಲಿಲ್ಲ, ಭಟ್ಕಳದಲ್ಲೂ ಆಗಲಿಲ್ಲ. ಯಾರೋ ಮೇಸ್ತ್ರಿಯ ಹೆಸರು ಹೇಳಿದರು. ಬೋಟಿನ ಇಂಜಿನ್ನಿನವರಿಗೆ ಇದೇನು ತಿಳಿಯುತ್ತದೆ ಎಂದು ಗೊಣಗುತ್ತಲೇ ಮನೆಗೆ ಕರೆದೆ. ಅವರು ಸ್ಕ್ರೂಡ್ರೈವರನ್ನು ಮೊದಲು ಆಂಪ್ಲಿಫೈಯರಿಗೆ ಹಿಡಿದರು, ಆಮೇಲೆ ಅದನ್ನು ಇಟ್ಟಿದ್ದ ಕಪಾಟಿಗೆ.

"ಇದಕ್ಕೆ ಎಂತದೂ ಆಗ್ಲಿಲ್ಲ ಮಾಸ್ತರ್ರೆ. ನಿಮ್ಮ ಕಪಾಟು ಹಾಡ್ತಾ ಅದೆ" ಎಂದರು.

ಟೊಳ್ಳು ಕಪಾಟಿನಿಂದ ಇಳಿಸಿ ನೆಲದ ಮೇಲೆ ಕಲ್ಲಿಟ್ಟು ಕೂರಿಸಿದ ಮೇಲೆ ಸದ್ದು ನಿಂತಿತು. ದುಡ್ಡು ಕೊಡಲು ಹೋದರೆ, "ಭಾನುವಾರ ನಮ್ಮನೆಗೆ ಬನ್ನಿ, ನನ್ನ ಸೆಟ್ಟು ಕೇಳಿ ಹೋಗಿ, ಅಷ್ಟೇ ಸಾಕು" ಎಂದರು.

ಶರಾವತಿ ಸಮುದ್ರ ಸೇರುವ ಅಳಿವೆಗೆ ಹತ್ತಿರ ಅವರ ಮನೆ. ಮನೆಗೆ ತಾಗಿ ಹಿಂದೆ ಬಲೆ ಇಡುತ್ತಿದ್ದ ಒಂದು ಕೋಣೆ. ಗಾರೆ ಗಿಲಾಯಿ ಮಾಡದ ಚಿರೆಕಲ್ಲಿನ ಗೋಡೆ, ಗೋಡೆಯ ತುಂಬ ಮಡಚಿ ತೂಗುಹಾಕಿದ ಹಳೆಯ ಬಲೆಗಳು, ಮೂಲೆಗಳಲ್ಲಿ ಸುತ್ತಿಟ್ಟ ಹಗ್ಗದ ಸಿಂಬೆಗಳು. ಹಲಸಿನ ಹಲಗೆಯಲ್ಲಿ ತಾವೇ ಮಾಡಿದ ಎರಡು ಸ್ಪೀಕರ್ ಪೆಟ್ಟಿಗೆ. ಕೋಣೆಗೆ ಮೀನಿನ ವಾಸನೆ. ಆದರೆ ಕ್ಯಾಸೆಟ್ ಹಾಕಿದ ಮೇಲೆ ನಾನು ಐದು ನಿಮಿಷ ಮಾತಾಡಲಿಲ್ಲ, ನನ್ನ ಮಟ್ಟಿಗೆ ಅದು ದೊಡ್ಡ ಸಂಗತಿ. ಬಲೆಗಳು ಪ್ರತಿಧ್ವನಿಯನ್ನೆಲ್ಲ ಹೀರಿಕೊಂಡು, ಹಾಡುವವನ ಉಸಿರನ್ನೂ ಬಿಡದೆ ಕೇಳಿಸುತ್ತಿದ್ದವು. ನಾನು ವರ್ಷಗಟ್ಟಲೆ ಸುರಿದ ದುಡ್ಡಿಗೆ ಬಾರದ ಸುಖ ಆ ಬಲೆಕೋಣೆಯಲ್ಲಿ ಸುಮ್ಮನೆ ಕೂತಿತ್ತು.

ಅಲ್ಲಿಂದ ಭಾನುವಾರ ಮಧ್ಯಾಹ್ನಗಳು ಶುರುವಾದವು. ನನ್ನ ಇಬ್ಬರು ಗೆಳೆಯರನ್ನೂ ಎಳೆದು ತಂದೆ. ಒಬ್ಬರು ಭಟ್ಕಳದಲ್ಲಿ ದುಬೈ ಸಾಮಾನಿನ ಅಂಗಡಿ ಇಟ್ಟಿರುವ ಭಾಯಿ. ಇನ್ನೊಬ್ಬರು ಕುಮಟೆಯಲ್ಲಿ ನೆಲೆಸಿದ ನಿವೃತ್ತ ಬ್ಯಾಂಕ್ ಮ್ಯಾನೇಜರು. ನಮ್ಮ ಮೂವರಿಗೂ ಜಗತ್ತಿನಲ್ಲಿ ಒಂದೇ ಸಮಸ್ಯೆ: ಸೆಟ್ಟಿಗೆ ಹಾಕಲು ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಅದನ್ನು ಮೊದಲು ಎಲ್ಲಿಗೆ ಹಾಕಬೇಕು? ಭಾಯಿಯದು ವೈರಿನ ಪಕ್ಷ. "ನಲ್ಲಿ ಬಂಗಾರದ್ದು, ಪೈಪು ತುಕ್ಕಿಂದು ಆದ್ರೆ ಕ್ಯಾ ಫಾಯ್ದಾ ಮಾಸ್ಟ್ರೆ?" ಎನ್ನುತ್ತಿದ್ದರು. ಮ್ಯಾನೇಜರದು ರೆಕಾರ್ಡ್ ಪ್ಲೇಯರಿನ ಪಕ್ಷ. ಮೂಲದಲ್ಲೇ ಹಾಳಾದದ್ದನ್ನು ಕೆಳಗೆ ಯಾವನೂ ಸರಿಮಾಡಲಾರ ಎಂದು ಮೇಜು ಗುದ್ದುತ್ತಿದ್ದರು. ನನ್ನದು ಸ್ಪೀಕರಿನ ಪಕ್ಷ. ಕಿವಿಗೆ ತಲುಪುವುದು ಸ್ಪೀಕರ್ ಕೊಟ್ಟದ್ದೇ ಅಲ್ಲವೇ? ವಾರವಿಡೀ ವಾಟ್ಸಾಪಿನಲ್ಲಿ ಇದೇ ಜಗಳ, ಭಾನುವಾರ ಎದುರುಬದುರು. ಚುನಾವಣೆಯಲ್ಲೂ ನಾವು ಇಷ್ಟು ಕಚ್ಚಾಡಿದವರಲ್ಲ.

ಮೇಸ್ತ್ರಿ ಯಾವ ಪಕ್ಷಕ್ಕೂ ಸೇರಲಿಲ್ಲ. ನಮ್ಮ ಬಾಯಿಗಳನ್ನೇ ನೋಡುತ್ತ ಕೂರುತ್ತಿದ್ದರು, ಮಧ್ಯೆ ಮಧ್ಯೆ ನಗುತ್ತಿದ್ದರು, ಹೂಂ ಎನ್ನುತ್ತಿದ್ದರು. ಚಹಾ ತರುತ್ತಿದ್ದ ಅವರ ಹೆಂಡತಿ, ನಾವು ಅಕ್ಕ ಎನ್ನುತ್ತಿದ್ದವರು, ಹೆಸರು ಹಿಡಿದು ಕರೆಯುವುದಾಗಲಿ, "ಹೋಯ್" ಎನ್ನುವುದಾಗಲಿ ಮಾಡದೆ, ಹತ್ತಿರ ಬಂದು ಭುಜ ಮುಟ್ಟುತ್ತಿದ್ದರು. ಈ ವಯಸ್ಸಿನಲ್ಲೂ ಎಷ್ಟು ಅನ್ಯೋನ್ಯ ಎಂದು ಮ್ಯಾನೇಜರು ವಾಪಸು ಹೋಗುವಾಗ ದಾರಿಯಲ್ಲಿ ಹೇಳಿದ್ದು ನೆನಪಿದೆ. ನಾವು ಮೂವರೂ ಮಾತಿನ ಮಲ್ಲರು. ನಮಗೆ ಉತ್ತರ ಕೊಡುವವರು ಬೇಕಾಗಿರಲಿಲ್ಲ, ಹೂಂ ಅನ್ನುವವರಿದ್ದರೆ ಸಾಕಿತ್ತು.

ಪ್ರತಿ ಭಾನುವಾರ ಮೊದಲು ಹಾಕುತ್ತಿದ್ದದ್ದು ಒಂದೇ ಕ್ಯಾಸೆಟ್ಟು. ಮೇಸ್ತ್ರಿಯ ಸೋದರಮಾವ ಕರ್ಕಿ ಕಡೆ ಯಕ್ಷಗಾನದಲ್ಲಿ ಭಾಗವತಿಕೆ ಮಾಡುತ್ತಿದ್ದರಂತೆ. ಮೇಸ್ತ್ರಿಗೆ ಚಿಕ್ಕಂದಿನಲ್ಲಿ ತೊಡೆ ತಟ್ಟಿಸಿ ತಾಳ ಕಲಿಸಿದವರು ಅವರೇ. ಆ ಮಾವನ ದನಿ ಉಳಿದದ್ದು ಈ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಹರೆಯದಲ್ಲಿ ಮೇಸ್ತ್ರಿಯೇ ರಂಗಸ್ಥಳದ ಪಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತು ಹಿಡಿದದ್ದು. ಚಂಡೆ, ಮದ್ದಳೆ, ಹಾಡು, ಎಲ್ಲದರ ಮೇಲೆ ಭಾಗವತರ ಕೈಯಲ್ಲಿನ ಪುಟ್ಟ ಕಂಚಿನ ತಾಳದ ಟಿಣ್ ಟಿಣ್. ಎರಡು ಪದ ಮುಗಿದ ಮೇಲೆ ಮೇಸ್ತ್ರಿ ನಮ್ಮ ಕಡೆ ತಿರುಗಿ ಕೇಳುತ್ತಿದ್ದರು.

"ತಾಳ ಕೇಳ್ತದಾ?"

ನಮ್ಮಂಥ ಹುಚ್ಚರ ನಡುವೆ ಇದು ಪರೀಕ್ಷೆಯ ಪ್ರಶ್ನೆ. ಸೆಟ್ಟು ಸರಿ ಇಲ್ಲದಿದ್ದರೆ ಮೊದಲು ಕಳೆದುಹೋಗುವುದು ಇಂಥ ಸಣ್ಣ, ತಾರಸ್ಥಾಯಿಯ ಸದ್ದುಗಳೇ. ಮೇಸ್ತ್ರಿ ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದೇ ತಿಳಿದೆವು. ನಿಜ ಹೇಳಬೇಕೆಂದರೆ ತಾಳ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೆ ಸ್ಪಷ್ಟ ಕೇಳುತ್ತದೆ ಎಂದುಬಿಟ್ಟರೆ ವಾದಕ್ಕೆ ಬಂಡವಾಳ ಎಲ್ಲಿಂದ ಬರಬೇಕು? ನಾನು ತಲೆ ಓರೆ ಮಾಡಿ, "ಕೇಳ್ತದೆ ಮೇಸ್ತ್ರಿ, ಆದರೆ ಸ್ವಲ್ಪ ಮಬ್ಬು" ಎನ್ನುತ್ತಿದ್ದೆ. ಭಾಯಿ, "ಹೌದು, ಮಬ್ಬು, ವೈರಿಂದು" ಎನ್ನುತ್ತಿದ್ದರು. ಮ್ಯಾನೇಜರು, "ಮಬ್ಬೇ. ಕ್ಯಾಸೆಟ್ಟಿನಲ್ಲಿ ಮತ್ತೆಂತ ಬರ್ತದೆ?" ಎನ್ನುತ್ತಿದ್ದರು. ಅಲ್ಲಿಂದ ಜಗಳ ಶುರು. ಮೊದಮೊದಲು ಮೇಸ್ತ್ರಿ ಅಪರೂಪಕ್ಕೆ ಕೇಳುತ್ತಿದ್ದ ಈ ಪ್ರಶ್ನೆ, ಒಂದು ವರ್ಷ ಕಳೆಯುವುದರೊಳಗೆ ಪ್ರತಿ ವಾರವೂ ಬರತೊಡಗಿತು. ಅದನ್ನು ಗಮನಿಸಿ ನನಗೆ ಖುಷಿಯಾಗಿತ್ತು: ಅಂತೂ ಮೇಸ್ತ್ರಿಗೂ ನಮ್ಮ ಹುಚ್ಚು ಹತ್ತಿತು!

ಒಂದು ಭಾನುವಾರ ಅವರಾಗಿಯೇ ಮಾತು ತೆಗೆದರು. ಬೋಟೊಂದರಲ್ಲಿ ಇದ್ದ ತಮ್ಮ ಪಾಲನ್ನು ಮಾರಿದ್ದರಂತೆ.

"ಕೈಯಲ್ಲಿ ಸ್ವಲ್ಪ ದುಡ್ಡು ಅದೆ. ತಾಳ ಚೊಲೋ ಕೇಳ್ಬೇಕು ಅಂದ್ರೆ ಎಲ್ಲಿ ಹಾಕೂದು ಚೊಲೋ?"

ಆ ದಿನ ನಾವು ಕಚ್ಚಾಡಿದ್ದು ಅಷ್ಟಿಷ್ಟಲ್ಲ. ಚಹಾ ಆರಿತು. ಭಾಯಿ ತಮ್ಮ ಅಂಗಡಿಯ ವೈರಿನ ಗುಣಗಾನಕ್ಕೆ ನಿಂತರು. ನಾನು ಹಾಳೆ ತೆಗೆದು ಸ್ಪೀಕರಿನೊಳಗಿನ ಪುಟ್ಟ ಕೋನಿನ ಚಿತ್ರ ಬರೆದು, ಹಲಸಿನ ಪೆಟ್ಟಿಗೆಯೊಳಗಿದ್ದದ್ದು ಮುದಿಯಾಗಿದೆ ಎಂದು ಪಾಠವನ್ನೇ ಮಾಡಿದೆ. ಮೇಸ್ತ್ರಿ ಬಹಳ ಹೊತ್ತು ನಮ್ಮ ಮುಖಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಅಲ್ಲ, ಕಿವಿಗೇ ಹಾಕಿದ್ರೆ ಹೇಗೆ?"

ನಾವು ನಕ್ಕೆವು. ಮ್ಯಾನೇಜರಿಗೆ ನಕ್ಕೂ ನಕ್ಕೂ ಕೆಮ್ಮು ಬಂತು. "ಕಿವಿ ಅಂಗಡಿಯಲ್ಲಿ ಸಿಗ್ತದಾ ಮೇಸ್ತ್ರಿ, ಸಿಕ್ಕಿದ್ರೆ ನಂಗೂ ಒಂದು ಜೊತೆ ತನ್ನಿ" ಎಂದು ನಾನು ಹೇಳಿದೆ. ಆ ಮಾತು ಹೇಳಿದ ನಾಲಗೆ ಇನ್ನೂ ನನ್ನ ಬಾಯಲ್ಲೇ ಇದೆ. ಮೇಸ್ತ್ರಿಯೂ ನಕ್ಕರು. ಮುಂದಿನ ತಿಂಗಳು ನಾನು ಹೇಳಿದ ಸ್ಪೀಕರುಗಳೇ ಬಂದವು.

ಅವನ್ನು ಜೋಡಿಸಿದ ದಿನ ಗೆದ್ದವನು ನಾನು. ಕ್ಯಾಸೆಟ್ಟು ಹಾಕಿದೆವು. ಮೇಸ್ತ್ರಿ ಮುಂದಕ್ಕೆ ಬಾಗಿ, ಕೈಗಳನ್ನು ಮಂಡಿಯ ಮೇಲೆ ಊರಿ ಕೂತಿದ್ದರು. ಮಾವನ ಮೊದಲ ಪದ ಮುಗಿಯುವವರೆಗೂ ಅಲುಗಾಡಲಿಲ್ಲ.

"ತಾಳ ಕೇಳ್ತದಾ?" ಎಂದರು.

"ಕೇಳ್ತದಾ ಎಂದು ಕೇಳ್ತೀರಲ್ಲ! ಕಿವಿ ಹತ್ರವೇ ಬಡಿದ ಹಾಗಿದೆ!" ಎಂದೆ. ಭಾಯಿ ಕೂಡ ಪಕ್ಷ ಮರೆತು, "ವಾಹ್, ಮಾಸ್ಟ್ರು ಗೆದ್ರು" ಎಂದರು. ಮ್ಯಾನೇಜರು ತಲೆದೂಗಿದರು. ಮೇಸ್ತ್ರಿ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿ, "ಹ್ಞಾಂ, ಚೊಲೋ ಕೇಳ್ತದೆ, ಆತು" ಎಂದು ಎದ್ದು ಹೊರಗೆ ಹೋದರು. ಕಿಟಕಿಯಿಂದ ಕಂಡದ್ದು ಅವರ ಬೆನ್ನು ಮಾತ್ರ. ಹೊಳೆಯ ಕಡೆ ಮುಖ ಮಾಡಿ ನಿಂತಿದ್ದರು. ಸಂತೋಷ ತಡೆಯಲಾಗಲಿಲ್ಲ ಪಾಪ, ಎಂದು ನಾನು ಅಂದುಕೊಂಡೆ.

ಮೂರು ತಿಂಗಳಾಗಿರಬಹುದು. ಮೇಸ್ತ್ರಿ ಕೆಲಸ ಬಿಟ್ಟರು ಎಂಬ ಸುದ್ದಿ ಬಂತು. ಒಂದು ಬೋಟಿನ ಇಂಜಿನ್ನಿಗೆ ಸ್ಕ್ರೂಡ್ರೈವರ್ ಹಿಡಿದು, ಎಂತದೂ ಇಲ್ಲ ಹೋಗಿ ಎಂದು ಕಳಿಸಿದ್ದರಂತೆ. ಬೋಟು ನಡುನೀರಿನಲ್ಲಿ ನಿಂತುಹೋಗಿ, ಬೇರೆ ಬೋಟು ಎಳೆದು ತಂದಿತಂತೆ. ಯಾರಿಗೂ ಏನೂ ಆಗಲಿಲ್ಲ. ಬೋಟು ನಡೆಸುವ ತಾಂಡೇಲ ಒಂದು ಮಾತೂ ಬಯ್ಯಲಿಲ್ಲವಂತೆ. ಬಯ್ದಿದ್ದರೆ ಮೇಸ್ತ್ರಿಗೆ ಸುಲಭವಾಗುತ್ತಿತ್ತೇನೋ. ಆ ದಿನವೇ ಸಾಮಾನಿನ ಪೆಟ್ಟಿಗೆ ಮನೆಗೆ ತಂದಿಟ್ಟರು.

ಸುದ್ದಿ ಕೇಳಿದ ಮಂಗಳವಾರವೇ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಬಲೆಕೋಣೆಯಿಂದ ಚಂಡೆಯ ಸದ್ದು ಅಂಗಳಕ್ಕೂ ಬರುತ್ತಿತ್ತು, ಎಂದಿಗಿಂತ ಜೋರಾಗಿ. ಬಾಗಿಲಲ್ಲಿ ನಿಂತು "ಮೇಸ್ತ್ರಿ" ಎಂದೆ. ಮತ್ತೊಮ್ಮೆ ಕರೆದೆ. ಅವರು ನನಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದರು. ಹೊಸ ಸ್ಪೀಕರಿನ ಪೆಟ್ಟಿಗೆಯ ಮೇಲೆ ಸ್ಕ್ರೂಡ್ರೈವರಿನ ತುದಿ ಊರಿದ್ದರು, ಹಿಡಿಯನ್ನು ಕಿವಿಯ ಹಿಂದಿನ ಆ ಕಪ್ಪು ಜಡ್ಡಿಗೆ ಒತ್ತಿಕೊಂಡಿದ್ದರು. ಕಣ್ಣು ಮುಚ್ಚಿತ್ತು. ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಎಲುಬಿನ ಮೂಲಕವೂ ಶಬ್ದ ಒಳಕಿವಿಗೆ ತಲುಪುತ್ತದೆ ಎಂದು ಕರಿಹಲಗೆಯ ಮೇಲೆ ವರ್ಷವರ್ಷವೂ ಬರೆದು ಕಲಿಸಿದವನು ನಾನು.

ಎದುರಿಗೆ ಹೋಗಿ ಕೂತೆ. ಕಣ್ಣು ತೆರೆದರು. ಗಾಬರಿಯಾಗಲಿಲ್ಲ. ಎಷ್ಟೋ ದಿನದಿಂದ ಕಾಯುತ್ತಿದ್ದವರ ಹಾಗೆ ಸ್ಕ್ರೂಡ್ರೈವರನ್ನು ತೊಡೆಯ ಮೇಲಿಟ್ಟುಕೊಂಡರು.

"ಹೀಗೆ ಹಿಡಿದ್ರೆ ಚಂಡೆ ಬತ್ತದೆ, ಮದ್ದಳೆ ಬತ್ತದೆ. ತಾಳ ಮಾತ್ರ ಬರೂದಿಲ್ಲ ಮಾಸ್ತರ್ರೆ."

ಎಷ್ಟು ದಿನದಿಂದ ಎಂದು ಬಾಯಿ ಅಗಲಿಸಿ ಕೇಳಿದೆ. ಎರಡು ವರ್ಷದಿಂದಂತೆ. ಉಡುಪಿಯಲ್ಲಿ ಕಿವಿ ಡಾಕ್ಟರಿಗೆ ತೋರಿಸಿದ್ದರಂತೆ. ಇಂಜಿನ್ನಿನ ಸದ್ದು ತಿಂದ ಕಿವಿ, ಈಗಲೇ ಮಷೀನು ಹಾಕಿಕೊಳ್ಳಿ ಎಂದಿದ್ದರಂತೆ. ಬೋಟಿನ ಪಾಲು ಮಾರಿದ್ದು ಅದಕ್ಕೇ.

"ಮತ್ತೆ ಯಾಕೆ ಹಾಕಿಸಿಕೊಳ್ಳಲಿಲ್ಲ?" ಎಂದೆ.

"ಕಿವಿಗೆ ಮಷೀನು ಕಂಡ್ರೆ ಬಂದರದಲ್ಲಿ ಯಾರು ಇಂಜಿನ್ ತೋರಿಸ್ತಾರೆ? ಆ ಹೆದ್ರಿಕೆ ಒಂದು." ಸ್ಕ್ರೂಡ್ರೈವರಿನ ಹಿಡಿಯನ್ನು ಅಂಗೈಯಿಂದ ಒರೆಸಿದರು. "ಮತ್ತೆ, ನೀವು ಮೂರೂ ಜನ ತಾಳ ಮಬ್ಬು ಅಂದ್ರಿ. ಅಷ್ಟು ಕಲ್ತೋರು ನೀವು. ನಿಮಗೂ ಮಬ್ಬು ಅಂದ್ಮೇಲೆ ದೋಷ ನನ್ನ ಕಿವೀದಲ್ಲ, ಪೆಟ್ಟಿಗೆದೇ ಅಂದ್ಕಂಡೆ. ಹಂಗೇ ಆಗ್ಲಿ ಅಂತ ಆಸೆ ಇತ್ತು."

ನಾನು ಮುಖ ತಿರುಗಿಸಿ ಅತ್ತೆ. ಅವರಿಗೆ ಕೇಳಿಸುವಂತಿರಲಿಲ್ಲ ಎಂಬ ಧೈರ್ಯದಲ್ಲಿ ಸದ್ದು ಮಾಡಿಯೇ ಅತ್ತೆ. ಚಹಾ ತಂದ ಅಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದರು. ಲೋಟ ಕೆಳಗಿಟ್ಟು, "ಅದು ಮಬ್ಬು ಇದು ಮಬ್ಬು ಅಂತ ಅಷ್ಟೆಲ್ಲ ಕೇಳೋರು ನೀವು, ಒಂದು ದಿನವಾದ್ರೂ ತಿಳಿಲಿಲ್ವಾ ನಿಮಗೆ?" ಎಂದರು. ಸಿಟ್ಟಿನಲ್ಲಿ ಹೇಳಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟೇ ಕೇಳಿದರು.

ಸ್ಪೀಕರ್ ಮಾರಿ ಬಂದ ದುಡ್ಡಿಗೆ ನನ್ನದನ್ನೂ ಸೇರಿಸಿ ಮಷೀನು ತರೋಣ ಎಂದೆ. ಸ್ಪೀಕರ್ ಮಾರಲು ಅವರು ಒಪ್ಪಲಿಲ್ಲ. "ಪೆಟ್ಟಿಗೆ ಗಟ್ಟಿ ಅದೆ, ಸ್ಕ್ರೂಡ್ರೈವರಿಗೆ ಚೊಲೋ ಬತ್ತದೆ" ಎಂದು ಅಂಥ ಹೊತ್ತಿನಲ್ಲೂ ತಮಾಷೆ ಮಾಡಿದರು. ಭಾಯಿ ಮತ್ತು ಮ್ಯಾನೇಜರಿಗೆ ನಾನೇ ವಿಷಯ ಹೇಳಿದೆ. ಭಾಯಿ ತಲೆಯ ಮೇಲೆ ಕೈಹೊತ್ತು ಕೂತರು. ಮೂವರೂ ಸೇರಿ ಮೇಸ್ತ್ರಿಯನ್ನು ಉಡುಪಿಗೆ ಕರೆದುಕೊಂಡು ಹೋಗಿ ಮಷೀನು ಹಾಕಿಸಿದೆವು. ತಡ ಮಾಡಿದ್ದೀರಿ, ಆಗಲೇ ಹಾಕಿದ್ದರೆ ಕಿವಿಗೆ ಅಭ್ಯಾಸವಾಗುತ್ತಿತ್ತು ಎಂದು ಡಾಕ್ಟರು ಯಾರ ಮುಖವನ್ನೂ ನೋಡದೆ ಹೇಳಿದರು. ಮನೆಗೆ ಬಂದು ಕ್ಯಾಸೆಟ್ಟು ಹಾಕಿದರೆ ಮೇಸ್ತ್ರಿಯ ಮುಖ ಹಿಂಡಿಹೋಯಿತು. ಮಾವನ ದನಿ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಕೂಗಿದ ಹಾಗೆ ಕೇಳುತ್ತದೆ ಎಂದರು. "ಇದು ನನ್ನ ಮಾವ ಅಲ್ಲ" ಎಂದು ಮಷೀನು ಬಿಚ್ಚಿ ಡಬ್ಬಿಗೆ ಹಾಕಿಟ್ಟರು. ಎಷ್ಟು ಹೇಳಿದರೂ ಹಾಡಿಗೆ ಮಾತ್ರ ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಜಗಳ ನಿಂತುಹೋಯಿತು. ವಾಟ್ಸಾಪಿನಲ್ಲೂ ಯಾರೂ ಬರೆಯುತ್ತಿರಲಿಲ್ಲ. ಮ್ಯಾನೇಜರು ಮಂಡಿನೋವು ಎಂದು ಬರುವುದು ಕಡಿಮೆ ಮಾಡಿದರು. ಭಾಯಿ ಬಂದರೂ ಗೋಡೆಯ ಬಲೆ ನೋಡುತ್ತ ಕೂರುತ್ತಿದ್ದರು. ಒಂದು ದಿನ ನಾನೊಬ್ಬನೇ ಇದ್ದಾಗ ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದುಕೊಂಡು, ತಮ್ಮ ಎಡಗೈಯನ್ನು ನನ್ನ ಮುಂದೆ ಚಾಚಿದರು.

"ನಿಮಗೆ ಕೇಳ್ತದಲ್ಲ, ತಾಳ ಬಿದ್ದಲ್ಲೆಲ್ಲ ಇಲ್ಲಿ ತಟ್ಟಿ. ಚಂಡೆ ಈ ಬದಿಯಿಂದ ಬತ್ತದೆ, ತಾಳ ನಿಮ್ಮ ಬದಿಯಿಂದ ಬರ್ಲಿ."

ಬಹಳ ಸುಲಭ ಎಂದುಕೊಂಡು ಅವರ ಅಂಗೈ ಹಿಂಬದಿಗೆ ಎರಡು ಬೆರಳಿನಿಂದ ತಟ್ಟತೊಡಗಿದೆ. ನಾಲ್ಕು ಪೆಟ್ಟು ಆಗುವಷ್ಟರಲ್ಲಿ ತಲೆ ಅಲ್ಲಾಡಿಸಿದರು. ಅಷ್ಟು ವರ್ಷ ಆ ತಾಳ ಹೊಳೆಯುತ್ತದೋ ಮಬ್ಬೋ ಎಂದು ಮಾತ್ರ ಕೇಳಿದ್ದೆ. ಅದು ಎಲ್ಲಿ ಬೀಳುತ್ತದೆ, ಯಾಕೆ ಅಲ್ಲೇ ಬೀಳುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ತಾಳ ಕೇಳಿಸುವವನಿಗೆ ತಾಳ ಗೊತ್ತಿರಲಿಲ್ಲ, ಕೇಳಿಸದವರಿಗೆ ಗೊತ್ತಿತ್ತು. ಅವರೇ ನನಗೆ ತೊಡೆ ತಟ್ಟಿಸಿ ಕಲಿಸಿದರು, ಮಾವ ಅವರಿಗೆ ಕಲಿಸಿದ ಹಾಗೆ. ಪದ ಝಂಪೆ ತಾಳಕ್ಕೆ ಹೊರಳುವ ಒಂದು ಜಾಗದಲ್ಲಿ ನಾನು ಪ್ರತಿ ಸಲವೂ ಒಂದು ಪೆಟ್ಟು ಮೊದಲೇ ತಟ್ಟಿಬಿಡುತ್ತಿದ್ದೆ. ಮೇಸ್ತ್ರಿ ತಕ್ಷಣ ನನ್ನ ಬೆರಳು ಹಿಡಿದು ನಿಲ್ಲಿಸಿ, ಸರಿಯಾದ ಹೊತ್ತಿಗೆ ತಾವೇ ಬಡಿಸುತ್ತಿದ್ದರು. "ಗಡಿಬಿಡಿ ಎಂತಕ್ಕೆ? ಮೊದ್ಲು ಕೇಳಿ" ಎನ್ನುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಉಳಿದೆಲ್ಲ ಕಲಿತೆ, ಆ ಒಂದು ಪೆಟ್ಟು ಮಾತ್ರ ಕೊನೆಗೂ ಕೈಗೆ ಹತ್ತಲಿಲ್ಲ.

ಹೋದ ಮಳೆಗಾಲದಲ್ಲಿ ಬಂದ ಜ್ವರ ಅವರ ಎದೆಗೆ ಇಳಿಯಿತು. ಆಸ್ಪತ್ರೆಗೆ ಸೇರಿಸಿದ ಮೇಲೆ ನಾನು ದಿನವೂ ಸಂಜೆ ಹೋಗಿ ಬರುತ್ತಿದ್ದೆ. ಜ್ವರದಲ್ಲಿ ಅವರು ಕಿವಿಗೆ ಮಷೀನು ಹಾಕಗೊಡುತ್ತಿರಲಿಲ್ಲ, ನರ್ಸುಗಳು ಕೂಗಿ ಕೂಗಿ ಮಾತಾಡಿಸಿ ಸೋತಿದ್ದರು. ಅಕ್ಕ ಮಾತ್ರ ಹಳೆಯಂತೆ ಭುಜ ಮುಟ್ಟುತ್ತಿದ್ದರು, ಅವರು ಕಣ್ಣು ತೆರೆಯುತ್ತಿದ್ದರು. ಮೂರನೆಯ ದಿನ ನನ್ನನ್ನು ಕಂಡು ತುಟಿ ಅಲುಗಿಸಿದರು. ದನಿ ಬರಲಿಲ್ಲ. ಈಗ ಅವರ ಬಾಯಿಯನ್ನು ಓದುವ ಸರದಿ ನನ್ನದು. ಏನು ಕೇಳಿದರೆಂದು ತಿಳಿಯಿತು. "ಕೇಳ್ತದೆ ಮೇಸ್ತ್ರಿ, ಸ್ಪಷ್ಟ ಕೇಳ್ತದೆ" ಎಂದು ಅವರಿಗೆ ಕಾಣುವಂತೆ ಬಾಯಿ ಬಿಡಿಸಿ ಹೇಳಿದೆ. ಅವರು ಎಡಗೈಯನ್ನು ಹೊದಿಕೆಯಿಂದ ಸ್ವಲ್ಪ ಹೊರಗೆ ಸರಿಸಿದರು.

ಐದನೆಯ ದಿನ ಕಣ್ಣು ತೆರೆಯಲಿಲ್ಲ. ಭುಜ ಮುಟ್ಟಿದ ಅಕ್ಕ ನನ್ನ ಕಡೆ ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಕ್ಯಾಸೆಟ್ಟಿಲ್ಲ, ಸ್ಪೀಕರಿಲ್ಲ, ವೈರಿಲ್ಲ. ಆ ಕೈಯನ್ನು ನನ್ನ ಕೈಯೊಳಗೆ ಇಟ್ಟುಕೊಂಡು, ಮಾವನ ಪದವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಮೊದಲಿನಿಂದ ತಟ್ಟುತ್ತ ಬಂದೆ. ಝಂಪೆಗೆ ಹೊರಳುವ ಜಾಗ ಬಂತು. ಈ ಸಲ ಸರಿ ಮಾಡಬೇಕು ಎಂದು ಎಷ್ಟು ಜಾಗ್ರತೆ ಮಾಡಿದರೂ ಒಂದು ಪೆಟ್ಟು ಮೊದಲೇ ಬಿದ್ದುಹೋಯಿತು. ಬೆರಳನ್ನು ಅಲ್ಲೇ ನಿಲ್ಲಿಸಿ ಕಾದೆ. ಅವರು ತಿದ್ದಲಿಲ್ಲ.